ಪರದೆಗೆ ಕನ್ನಡ, ಲೆಕ್ಕಕ್ಕೆ ಊರ ರೂಢಿ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಒಂದು ಶಾಸನದ ಕಂಬವಿದೆ. ಮಲ್ಲಿಷೇಣ ಮುನಿಗಳು ಸಲ್ಲೇಖನದಿಂದ ದೇಹ ಬಿಟ್ಟದ್ದನ್ನು ಅದು ಹೇಳುತ್ತದೆ. ಲಿಪಿ ಕನ್ನಡ, ಭಾಷೆ ಸಂಸ್ಕೃತ, ಕಾಲ ಕ್ರಿ.ಶ. 1129. ವರ್ಷವನ್ನು ಅಲ್ಲಿ ಅಂಕಿಯಲ್ಲಿ ಬರೆದಿಲ್ಲ; ಶೂನ್ಯ, ಶರ, ಅಂಬರ, ಅವನಿ ಎಂಬ ನಾಲ್ಕು ಪದಗಳಲ್ಲಿ ಅಡಗಿಸಿಟ್ಟಿದ್ದಾರೆ. ಶೂನ್ಯ ಸೊನ್ನೆ, ಮನ್ಮಥನ ಶರಗಳು ಐದು, ಅಂಬರ ಬಯಲು ಆಕಾಶವಾದ್ದರಿಂದ ಮತ್ತೆ ಸೊನ್ನೆ, ಅವನಿ ಒಂದೇ ಒಂದು. ಬಲದಿಂದ ಎಡಕ್ಕೆ ಜೋಡಿಸಿಕೊಂಡರೆ ಶಕವರ್ಷ 1050 ಸಿಗುತ್ತದೆ. ಸಂವತ್ಸರದ ಹೆಸರು ಕೀಲಕ.

ಬೆಟ್ಟ ಇಳಿದು ಊರೊಳಗಿನ ಭಂಡಾರಿ ಬಸದಿಗೆ ಬಂದರೆ ಇನ್ನೊಂದು ಹೆಸರಾಂತ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಎದ್ದಿದ್ದ ಜಗಳವನ್ನು ವಿಜಯನಗರದ ಬುಕ್ಕರಾಯ 1368ರಲ್ಲಿ ತೀರ್ಮಾನ ಮಾಡಿದ ಶಾಸನ ಅದು. ಇದರ ಭಾಷೆ ಕನ್ನಡ. ವರ್ಷ ಒಗಟಾಗಿಲ್ಲ, ಶಕವರ್ಷ ೧೨೯೦ ಎಂದು ನೇರವಾಗಿ ಅಂಕಿಯಲ್ಲೇ ಇದೆ. ಸಂವತ್ಸರ ಮತ್ತೆ ಅದೇ ಕೀಲಕ. ಶಕವರ್ಷದ ಲೆಕ್ಕದಲ್ಲಿ ಎರಡು ಶಾಸನಗಳ ನಡುವೆ ಸರಿಯಾಗಿ 240 ವರ್ಷಗಳ ಅಂತರ. ಅರವತ್ತು ಸಂವತ್ಸರಗಳ ಚಕ್ರ ಅಷ್ಟರಲ್ಲಿ ನಾಲ್ಕು ಸುತ್ತು ಬಂದಿತ್ತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಭಾಷೆ ಬದಲಾಗಿದೆ, ಸಂಖ್ಯೆ ಬರೆಯುವ ರೀತಿ ಬದಲಾಗಿದೆ, ಕಾಲ ಎಣಿಸುವ ಪದ್ಧತಿ ಮಾತ್ರ ಬದಲಾಗಿಲ್ಲ. ಸಂಸ್ಕೃತದಲ್ಲಿ ಬರೆಯುತ್ತಿದ್ದೇವೆ, ಆದ್ದರಿಂದ ಬೇರೆ ಪಂಚಾಂಗ ಹಿಡಿಯಬೇಕು ಎಂದು ಬರೆಸಿದವರಿಗೆ ಅನ್ನಿಸಲಿಲ್ಲ. ದೊಡ್ಡಬೆಟ್ಟದಲ್ಲಿ ಗೊಮ್ಮಟನ ಪಾದದ ಇಕ್ಕೆಲಗಳಲ್ಲೂ ಇದೇ ವಿವೇಕ ಕಾಣುತ್ತದೆ. ಚಾವುಂಡರಾಯ ಇದನ್ನು ಮಾಡಿಸಿದ ಎಂಬ ಒಂದೇ ಮಾತು ಅಲ್ಲಿ ಕನ್ನಡದಲ್ಲಿದೆ, ತಮಿಳಿನಲ್ಲಿದೆ, ಹಲವು ವಿದ್ವಾಂಸರು ಮರಾಠಿ ಎಂದು ಗುರುತಿಸುವ ನಾಗರಿ ಬರಹದಲ್ಲೂ ಇದೆ. ಬಂದ ಯಾತ್ರಿಕ ತನಗೆ ತಿಳಿಯುವ ಭಾಷೆಯಲ್ಲಿ ಓದಿಕೊಂಡ. ಹೇಳಿದ ಸಂಗತಿ ಮೂರರಲ್ಲೂ ಒಂದೇ.

ಓದುವ ಭಾಷೆ ಬೇರೆ, ಎಣಿಸುವ ರೂಢಿ ಬೇರೆ. ಬೆಳಗೊಳದ ಕಲ್ಲುಗಳಿಗೆ ಗೊತ್ತಿದ್ದ ಈ ಮಾತನ್ನು ನಮ್ಮ ಮೊಬೈಲು, ಕಂಪ್ಯೂಟರುಗಳು ಕಲಿಯಲು ಬಹಳ ಕಾಲ ಹಿಡಿಯಿತು. ಕಲಿತ ಮೇಲೂ ಎಷ್ಟೋ ಆ್ಯಪ್‌ಗಳು, ಜಾಲತಾಣಗಳು ಅದನ್ನು ಮರೆಯುತ್ತಲೇ ಇವೆ. ಆ ಮರೆವಿನಿಂದ ದಿನನಿತ್ಯದ ಲೆಕ್ಕಪತ್ರ ಕೆಡುತ್ತದೆ. ಜೊತೆಗೆ ಕನ್ನಡವೂ ಸದ್ದಿಲ್ಲದೆ ಸೋಲುತ್ತದೆ.

ಕೇಳಬೇಕಾದ ಎರಡು ಪ್ರಶ್ನೆ

ಹೊಸ ಯಂತ್ರವೊಂದನ್ನು ಕೈಗೆತ್ತಿಕೊಂಡಾಗ ಅದು ನಮ್ಮನ್ನು ಎರಡು ಬೇರೆಬೇರೆ ಪ್ರಶ್ನೆ ಕೇಳಬೇಕು. ಮೊದಲನೆಯದು: ಮೆನು, ಬಟನ್, ಸೂಚನೆ, ಎಚ್ಚರಿಕೆಯ ಮಾತು ಯಾವ ಭಾಷೆಯಲ್ಲಿ ಕಾಣಬೇಕು? ಎರಡನೆಯದು: ದಿನಾಂಕ, ಗಂಟೆ, ಸಂಖ್ಯೆ, ಹಣ, ಅಳತೆ, ಕಾಗದದ ಗಾತ್ರ, ವಾರದ ಮೊದಲ ದಿನ ಇವೆಲ್ಲ ಯಾವ ಊರಿನ ರೂಢಿಯಂತೆ ಇರಬೇಕು? ವಿಂಡೋಸ್ ಮೊದಲನೆಯದನ್ನು ಡಿಸ್‌ಪ್ಲೇ ಲ್ಯಾಂಗ್ವೇಜ್ ಎನ್ನುತ್ತದೆ, ಎರಡನೆಯದನ್ನು ರೀಜನಲ್ ಫಾರ್ಮ್ಯಾಟ್ ಎನ್ನುತ್ತದೆ. ಹೆಸರು ಏನೇ ಇರಲಿ, ಒಂದು ನಾವು ಆಡುವ ಭಾಷೆಗೆ ಸೇರಿದ್ದು, ಇನ್ನೊಂದು ನಾವು ವ್ಯವಹಾರ ಮಾಡುವ ನೆಲಕ್ಕೆ ಸೇರಿದ್ದು.

ಎರಡನ್ನೂ ಒಂದೇ ಗುಂಡಿಗೆ ಗಂಟು ಹಾಕಿದರೆ ಏನಾಗುತ್ತದೆ? ಇಂಗ್ಲಿಷ್ ಎಂದು ಒತ್ತಿದವರೆಲ್ಲ ಅಮೆರಿಕದವರು ಎಂದು ಯಂತ್ರ ಎಣಿಸುತ್ತದೆ. ಚನ್ನರಾಯಪಟ್ಟಣದ ಡಿಟಿಪಿ ಅಂಗಡಿಯಲ್ಲಿ, ಹೊಳೆನರಸೀಪುರದ ಸಹಕಾರ ಸಂಘದಲ್ಲಿ, ಅರಕಲಗೂಡಿನ ಟ್ಯೂಷನ್ ಮನೆಯಲ್ಲಿ ಇರುವ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿಕೊಟ್ಟವರು 'ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್)' ಎಂದು ಮೊದಲೇ ಗುರುತಾಗಿದ್ದ ಕಡೆ ಹಾಗೇ ಮುಂದೆ ಒತ್ತಿಬಿಟ್ಟಿದ್ದರೆ ಸಾಕು, ಆ ಯಂತ್ರ ಇರುವುದು ಹಾಸನ ಜಿಲ್ಲೆಯಲ್ಲಿ, ಅದರ ಲೆಕ್ಕವೆಲ್ಲ ಅಮೆರಿಕದ್ದು.

ಫೆಬ್ರುವರಿ ಏಳು ಜುಲೈ ಎರಡಾದ ಬಗೆ

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಬೆಳಗೊಳದ ಗೊಮ್ಮಟನಿಗೆ ನಡೆದ 2018ರ ಮಹಾಮಸ್ತಕಾಭಿಷೇಕ ಮಹೋತ್ಸವವನ್ನು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಫೆಬ್ರುವರಿ 7ರಂದು ಉದ್ಘಾಟಿಸಿದರು. ಪ್ರಧಾನಿ ನರೇಂದ್ರ ಮೋದಿ ಬಂದದ್ದು ಫೆಬ್ರುವರಿ 19ರಂದು. ಯಾರೋ ಒಬ್ಬರು ಈ ಎರಡು ದಿನಗಳನ್ನು ನಮ್ಮ ವಾಡಿಕೆಯಂತೆ 07/02/2018, 19/02/2018 ಎಂದು ಬರೆದ ಪಟ್ಟಿಯನ್ನು ಕಳಿಸಿದ್ದಾರೆ ಎಂದುಕೊಳ್ಳಿ. ಅಮೆರಿಕದ ರೂಢಿಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ಅದನ್ನು ಎಕ್ಸೆಲ್‌ನಲ್ಲಿ ತೆರೆದರೆ ಮೊದಲನೆಯದು ಜುಲೈ 2 ಆಗುತ್ತದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಎರಡನೆಯದರಲ್ಲಿ ಹತ್ತೊಂಬತ್ತನೇ ತಿಂಗಳು ಇಲ್ಲದ್ದರಿಂದ ಎಕ್ಸೆಲ್ ಅದನ್ನು ದಿನಾಂಕವೆಂದೇ ಒಪ್ಪುವುದಿಲ್ಲ; ಬರೀ ಅಕ್ಷರಗಳ ಸಾಲೆಂದು ಕೋಶದ ಎಡಕ್ಕೆ ತಳ್ಳಿ ಕೂರಿಸುತ್ತದೆ.

ಒಳಗೆ ನಡೆಯುವುದು ಇಷ್ಟು. ಎಕ್ಸೆಲ್ ದಿನಾಂಕವನ್ನು ದಿನಾಂಕವಾಗಿ ಇಟ್ಟುಕೊಳ್ಳುವುದಿಲ್ಲ. 1900ರ ಜನವರಿ 1ನ್ನು ಒಂದು ಎಂದು ಹಿಡಿದು ಎಣಿಸುತ್ತಾ ಬಂದ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2018ರ ಫೆಬ್ರುವರಿ 7 ಅದರ ಲೆಕ್ಕದಲ್ಲಿ 43138. ಜುಲೈ 2 ಎಂದರೆ 43283. ಓದುವಾಗ ಆದ ಒಂದು ತಪ್ಪಿನಿಂದ 145 ದಿನ ಜಾರಿತು. ಒಮ್ಮೆ ಫೈಲ್ ಉಳಿಸಿದ ಮೇಲೆ ಮೂಲದಲ್ಲಿ ಏನಿತ್ತು ಎಂಬುದರ ಗುರುತೇ ಅದರಲ್ಲಿ ಉಳಿಯುವುದಿಲ್ಲ. ಆಮೇಲೆ ರೀಜನ್ ಬದಲಿಸಿದರೂ ಅದು ಜುಲೈ 2ನ್ನೇ ನಮ್ಮ ಕ್ರಮದಲ್ಲಿ 02/07/2018 ಎಂದು ಅಂದವಾಗಿ ತೋರಿಸುತ್ತದೆ.

ಎಲ್ಲ ದಿನಗಳೂ ಹೀಗೆ ಕೆಡುತ್ತಿದ್ದರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತಿತ್ತು. ಕೆಡುವುದು ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳು ಮಾತ್ರ. ಅದರಲ್ಲೂ 02/02, 03/03ರಂತಹ ಹನ್ನೆರಡು ದಿನಗಳು ಯಾವ ಕಡೆಯಿಂದ ಓದಿದರೂ ಒಂದೇ. ಉಳಿದಂತೆ ವರ್ಷದ 132 ದಿನಗಳು ಸದ್ದಿಲ್ಲದೆ ಬೇರೊಂದು ದಿನವಾಗಿ ಬದಲಾಗುತ್ತವೆ. ಮಿಕ್ಕವು ದಿನಾಂಕವಾಗದೆ ಅಕ್ಷರವಾಗಿ ಉಳಿಯುತ್ತವೆ. ಸಾಲದ ಕಂತು, ಹಾಲಿನ ಬಟವಾಡೆ, ವಿದ್ಯಾರ್ಥಿಗಳ ಜನ್ಮದಿನಾಂಕ ಇರುವ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಲು ಹೋದರೆ ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಏಪ್ರಿಲ್ 3ರಂದು ಹುಟ್ಟಿದ ಮಗು ಮಾರ್ಚ್ 4ರಂದು ಹುಟ್ಟಿದ್ದಾಗಿ ದಾಖಲಾದರೆ, ಆ ಮಗುವಿನ ಆಧಾರ್, ಶಾಲೆಯ ವರ್ಗಾವಣೆ ಪತ್ರ, ಅಂಕಪಟ್ಟಿ ಒಂದಕ್ಕೊಂದು ತಾಳೆಯಾಗದೆ ತಂದೆ ತಾಯಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಎರಡೆಕರೆ ಹತ್ತು ಗುಂಟೆ

ನಮ್ಮ ಕಡೆಯ ಜಮೀನಿನ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಎರಡು ಎಕರೆ ಹತ್ತು ಗುಂಟೆಯನ್ನು ಎಲ್ಲರೂ 2-10 ಎಂದೇ ಬರೆಯುತ್ತಾರೆ. ಸ್ಪ್ರೆಡ್‌ಶೀಟಿನ ಕೋಶದಲ್ಲಿ 2-10 ಎಂದು ಒತ್ತಿ ಎಂಟರ್ ಹೊಡೆಯಿರಿ. ಭಾರತದ ರೂಢಿಗೆ ಹೊಂದಿಸಿದ ಯಂತ್ರದಲ್ಲಿ ಅದು ಅಕ್ಟೋಬರ್ 2 ಆಗುತ್ತದೆ, ಅಮೆರಿಕದ ರೂಢಿಯಲ್ಲಿ ಫೆಬ್ರುವರಿ 10 ಆಗುತ್ತದೆ. ರೈತನ ಜಮೀನು ಎರಡರಲ್ಲೂ ಮಾಯ.

ಅಡ್ಡಗೆರೆಯ ಬದಲು ಚುಕ್ಕಿ ಇಟ್ಟು 2.10 ಎಂದು ಬರೆದರೆ ಯಂತ್ರ ಅದನ್ನು ದಶಮಾಂಶವೆಂದು ಓದುತ್ತದೆ. ನಲವತ್ತು ಗುಂಟೆಗೆ ಒಂದು ಎಕರೆ ಎಂಬುದು ಅದಕ್ಕೆ ಗೊತ್ತಿಲ್ಲ. ಅಣ್ಣನ ಪಾಲು 2-10, ತಮ್ಮನ ಪಾಲು 1-35 ಇದ್ದರೆ ಒಟ್ಟು ನಾಲ್ಕು ಎಕರೆ ಐದು ಗುಂಟೆ. ಪಹಣಿ ನೋಡಿ ಅಭ್ಯಾಸವಿರುವ ಯಾರೇ ಆದರೂ ಬಾಯಲ್ಲೇ ಹೇಳುತ್ತಾರೆ. ದಶಮಾಂಶದ ಲೆಕ್ಕದಲ್ಲಿ ಅದು 3.45. ಭೂದಾಖಲೆಗೆಂದೇ ಕನ್ನಡನಾಡಿನಲ್ಲಿ ಕಟ್ಟಿದ 'ಭೂಮಿ' ತಂತ್ರಾಂಶ ಎಕರೆ ಗುಂಟೆಗಳನ್ನು ಬಲ್ಲದು. ಅದರಿಂದ ತೆಗೆದ ಮಾಹಿತಿ ಬೇರೆ ಕೈಗೆ, ಬೇರೆ ಹಾಳೆಗೆ ಹೋದಾಗ ಈ ತೊಡಕು ಶುರುವಾಗುತ್ತದೆ. ಸಿದ್ಧ ಸೆಟ್ಟಿಂಗ್‌ಗಳಲ್ಲಿ ಭಾರತ ಎಂದು ಆರಿಸಿದರೂ ಗುಂಟೆ ಸಿಗುವುದಿಲ್ಲ. ಅಂಥಲ್ಲಿ ಎಕರೆಗೊಂದು ಕಾಲಂ, ಗುಂಟೆಗೊಂದು ಕಾಲಂ ಇಡುವುದೇ ಸರಿ.

ಇದು ಹಳ್ಳಿಯ ಲೆಕ್ಕಕ್ಕೆ ಮಾತ್ರ ಬಂದ ಕಷ್ಟ ಎಂದುಕೊಳ್ಳಬೇಡಿ. ಮಾನವ ವಂಶವಾಹಿಗಳಲ್ಲಿ ಕೆಲವಕ್ಕೆ 'ಸೆಪ್ಟ್1', 'ಮಾರ್ಚ್1' ಎಂಬ ಹೆಸರುಗಳಿದ್ದವು. ಎಕ್ಸೆಲ್ ಅವನ್ನು ಸೆಪ್ಟೆಂಬರ್ 1, ಮಾರ್ಚ್ 1 ಎಂಬ ದಿನಾಂಕಗಳಾಗಿ ತಿರುಗಿಸುತ್ತಿತ್ತು. ಪ್ರಕಟವಾದ ಸಂಶೋಧನೆಗಳ ಪಟ್ಟಿಗಳಿಗೂ ಈ ತಪ್ಪು ನುಸುಳಿತು. ಕೊನೆಗೆ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಆ ಹೆಸರುಗಳನ್ನು ಬದಲಿಸಿ, 2020ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ತಂತ್ರಾಂಶದ ಊಹೆಗೆ ವಿಜ್ಞಾನವೇ ದಾರಿ ಬಿಟ್ಟುಕೊಡಬೇಕಾಯಿತು.

ಅಲ್ಪವಿರಾಮ, ರೂಪಾಯಿ, ಕಾಗದ

ನಾವು ಹನ್ನೆರಡೂವರೆ ಲಕ್ಷವನ್ನು 12,50,000 ಎಂದು ಬರೆಯುತ್ತೇವೆ. ಅಮೆರಿಕದ ರೂಢಿಯಲ್ಲಿ ಅದು 1,250,000. ಜರ್ಮನಿಯಲ್ಲಿ ಅಲ್ಪವಿರಾಮದ ಜಾಗಕ್ಕೆ ಚುಕ್ಕಿ, ದಶಮಾಂಶದ ಜಾಗಕ್ಕೆ ಅಲ್ಪವಿರಾಮ, ಅಲ್ಲಿ 1.250 ಎಂದರೆ ಸಾವಿರದ ಇನ್ನೂರೈವತ್ತು, ನಮಗದು ಒಂದೂಕಾಲು. ಲಕ್ಷ, ಕೋಟಿಗಳಲ್ಲಿ ಯೋಚಿಸುವ ಕಣ್ಣಿಗೆ ಮೂರು ಮೂರು ಅಂಕಿಗೆ ಕತ್ತರಿಸಿದ ಸಂಖ್ಯೆ ಸಲೀಸಾಗಿ ಓದಿಬರುವುದಿಲ್ಲ. ಬೆರಳಿಟ್ಟು ಸೊನ್ನೆ ಎಣಿಸಬೇಕಾಗುತ್ತದೆ. ಗ್ರಾಮ ಪಂಚಾಯಿತಿಯ ಅಂದಾಜುಪಟ್ಟಿಯಲ್ಲಿ ಒಂದು ಸೊನ್ನೆಯ ವ್ಯತ್ಯಾಸ ಸಣ್ಣದಲ್ಲ.

ನಮ್ಮ ರೂಪಾಯಿ ಚಿಹ್ನೆ ₹ ಅಧಿಕೃತವಾದದ್ದು 2010ರ ಜುಲೈ 15ರಂದು. ಅದೇ ವರ್ಷ ಯುನಿಕೋಡ್‌ಗೂ ಸೇರಿತು. ಆದರೂ ರೀಜನ್ ಅಮೆರಿಕ ಎಂದೇ ಇದ್ದರೆ ಕರೆನ್ಸಿ ಬಟನ್ ಒತ್ತಿದೊಡನೆ ಡಾಲರ್ ಚಿಹ್ನೆ ಬಂದು ಕೂರುತ್ತದೆ. ಕಾಗದದ ಕತೆಯೂ ಅಷ್ಟೆ. ನಾವು ಬಳಸುವ ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅಮೆರಿಕದ ಲೆಟರ್ ಹಾಳೆ 216 ಮಿ.ಮೀ. ಅಗಲ, 279 ಮಿ.ಮೀ. ಉದ್ದ. ಹದಿನೆಂಟು ಮಿಲಿಮೀಟರ್ ಮೋಟಾದ ಪುಟದ ಲೆಕ್ಕದಲ್ಲಿ ಅರ್ಜಿಯ ಕೊನೆಯ ಎರಡು ಸಾಲು, ಸಹಿ ಹಾಕುವ ಜಾಗ ಮುಂದಿನ ಹಾಳೆಗೆ ಜಾರುತ್ತವೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟಿಗೆ ಕೊಟ್ಟವರು ಒಂದು ಹಾಳೆಯ ಬದಲು ಎರಡಕ್ಕೆ ದುಡ್ಡು ತೆತ್ತು ಬರುತ್ತಾರೆ.

ಒಂದೇ ಕನ್ನಡ, ಹಲವು ನೆಲ

ಹಾಗಾದರೆ ಕನ್ನಡ ಎಂದು ಆರಿಸಿದ ಕೂಡಲೇ ಎಲ್ಲವೂ ತಾನಾಗಿ ನಮ್ಮ ರೂಢಿಗೆ ಬಂದುಬಿಡಲಿ ಎಂದು ಕೇಳಬಹುದು. ಅದೂ ಸರಿಯಾಗದು, ಏಕೆಂದರೆ ಕನ್ನಡಿಗರೆಲ್ಲ ಒಂದೇ ಕಡೆ ಇಲ್ಲ. ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡ ಮನೆಯೊಂದಕ್ಕೆ ಪರದೆಯ ಮೇಲೆ ಕನ್ನಡ ಬೇಕು. ಮಗಳ ಶಾಲೆ, ಬ್ಯಾಂಕು, ವೈದ್ಯರು ತಿಂಗಳನ್ನು ಮೊದಲು ಬರೆಯುವಾಗ ಅವರ ಕ್ಯಾಲೆಂಡರ್ ಕೂಡ ತಿಂಗಳನ್ನೇ ಮೊದಲು ತೋರಿಸಬೇಕು; ಹವಾಮಾನ ಫ್ಯಾರನ್‌ಹೀಟ್‌ನಲ್ಲಿ, ದೂರ ಮೈಲಿಯಲ್ಲಿ, ಹಣ ಡಾಲರಿನಲ್ಲಿ ಇರಬೇಕು. ಲಂಡನ್ನಿನ ಕನ್ನಡಿಗರಿಗೆ ದಿನ ಮೊದಲು, ಹಣ ಪೌಂಡಿನಲ್ಲಿ, ಆದರೆ ರಸ್ತೆಯ ದೂರ ಮೈಲಿಯಲ್ಲೇ. ಕನ್ನಡ ಬೇಕಾದರೆ ಇಡೀ ಭಾರತವನ್ನೇ ಹೊತ್ತುಕೊಳ್ಳಿ ಎಂದು ತಂತ್ರಾಂಶ ಹೇಳಿದರೆ ಆ ಮನೆಗಳವರು ಇಂಗ್ಲಿಷಿಗೇ ಮರಳುತ್ತಾರೆ. ಆ ಮನೆಯ ಮಕ್ಕಳ ಕಣ್ಣಿಗೆ ದಿನವೂ ಬೀಳಬಹುದಾಗಿದ್ದ ಕನ್ನಡ ಅಲ್ಲಿಗೆ ನಿಲ್ಲುತ್ತದೆ.

ಅಷ್ಟು ದೂರ ಏಕೆ, ಕನ್ನಡನಾಡಿನೊಳಗೇ ನೋಡಿ. ಹಾಸನ, ಮೈಸೂರು ಕಡೆ ಚಾಂದ್ರಮಾನ ಯುಗಾದಿಗೆ ವರ್ಷ ಶುರು. ಕರಾವಳಿಯ ಹಲವು ಕಡೆ ಸೌರಮಾನದ ಲೆಕ್ಕ. ಏಪ್ರಿಲ್ ನಡುವಿನ ವಿಷುವಿಗೆ ಅಲ್ಲಿ ಹೊಸ ವರ್ಷ. ಬೆಳಗೊಳದ ಜೈನ ಮನೆಗಳಲ್ಲಿ ಇವೆಲ್ಲದರ ಜೊತೆಗೆ ಕ್ರಿ.ಪೂ. 527ರಿಂದ ಎಣಿಸುವ ವೀರನಿರ್ವಾಣ ಸಂವತ್ಸರವೂ ಇದೆ. ಒಂದೇ ಭಾಷೆಯನ್ನು ಆಡುವವರಲ್ಲಿ ಮೂರು ಬಗೆಯ ಕಾಲಗಣನೆ. ಭಾಷೆಯ ಹೆಸರೊಂದರಿಂದಲೇ ಪಂಚಾಂಗವನ್ನು ಊಹಿಸಲು ಹೊರಟವರು ಇಲ್ಲಿ ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ.

ಇದರ ಇನ್ನೊಂದು ಮಗ್ಗುಲು ಬೆಳಗೊಳದ ಬೆಟ್ಟದ ಬುಡದಲ್ಲಿ ವರ್ಷವಿಡೀ ಕಾಣುತ್ತದೆ. ಕೊಲ್ಹಾಪುರದ ಮರಾಠಿ ಕುಟುಂಬ, ರಾಜಸ್ಥಾನದ ಹಿಂದಿಯವರು, ತಮಿಳುನಾಡಿನ ಜೈನರು, ಯುರೋಪಿನ ಪ್ರವಾಸಿಗಳು ಎಲ್ಲರೂ ಬರುತ್ತಾರೆ. ಅವರ ಭಾಷೆ ಬೇರೆಬೇರೆ. ವಸತಿಗೃಹದ ಬಾಡಿಗೆ ಎಲ್ಲರಿಗೂ ರೂಪಾಯಿಯಲ್ಲೇ, ಹಾಸನಕ್ಕೆ ಹೋಗುವ ದೂರ ಎಲ್ಲರಿಗೂ ಕಿಲೋಮೀಟರಿನಲ್ಲೇ, ಬಸ್ಸಿನ ಹೊತ್ತು ಎಲ್ಲರಿಗೂ ಭಾರತೀಯ ಕಾಲಮಾನದಲ್ಲೇ. ಇಂಗ್ಲಿಷ್ ಎಂದು ಒತ್ತಿದ ಮಾತ್ರಕ್ಕೆ ಬುಕಿಂಗ್ ದಿನಾಂಕ ತಿರುವುಮುರುವಾದರೆ ಯಾತ್ರಿಕ ಬಂದಿಳಿಯುವ ದಿನ ಅವನಿಗೆ ಕೋಣೆ ಇರುವುದಿಲ್ಲ.

ಯಂತ್ರದೊಳಗಿನ ಏರ್ಪಾಡು

ಭಾಷೆ, ರೂಢಿ ಎರಡನ್ನೂ ಬೇರ್ಪಡಿಸುವ ಉಪಾಯ ಹೊಸದಲ್ಲ. ಭಾಷೆಯ ಗುರುತಿಗೆ ನೆಲದ ಗುರುತು ಸೇರಿದ ಜೋಡಿಗೆ ತಂತ್ರಾಂಶದವರು ಲೊಕೇಲ್ ಎನ್ನುತ್ತಾರೆ. ಕನ್ನಡಕ್ಕೆ 'ಕೆಎನ್', ಭಾರತಕ್ಕೆ 'ಐಎನ್' ಎಂಬ ಎರಡೆರಡು ಅಕ್ಷರದ ಗುರುತುಗಳಿವೆ. ಎರಡನ್ನೂ ಜೋಡಿಸಿದರೆ ಭಾರತದ ರೂಢಿಯ ಕನ್ನಡ. ಅದೇ ಕನ್ನಡದ ಗುರುತಿಗೆ ಅಮೆರಿಕದ ಗುರುತನ್ನೂ ಜೋಡಿಸಬಹುದು. ಯುನಿಕ್ಸ್, ಲಿನಕ್ಸ್ ವ್ಯವಸ್ಥೆಗಳು ಇನ್ನೂ ಮುಂದೆ ಹೋಗಿ ಲೊಕೇಲನ್ನೇ ತುಂಡುತುಂಡಾಗಿ ಬಿಡಿಸಿಟ್ಟಿವೆ. ಪರದೆಯ ಸಂದೇಶಗಳಿಗೆ ಒಂದು, ಸಮಯಕ್ಕೆ ಒಂದು, ಸಂಖ್ಯೆಗೆ ಒಂದು, ಹಣಕ್ಕೆ ಒಂದು, ಅಕಾರಾದಿ ಕ್ರಮಕ್ಕೆ ಒಂದು, ಲಿನಕ್ಸಿನಲ್ಲಿ ಕಾಗದದ ಗಾತ್ರಕ್ಕೂ ಇನ್ನೊಂದು. ಸಂದೇಶ ಕನ್ನಡದಲ್ಲಿ, ಸಮಯ ಬ್ರಿಟನ್ನಿನ ರೂಢಿಯಲ್ಲಿ, ಹಣ ಭಾರತದ್ದರಲ್ಲಿ ಎಂದು ಹೊಂದಿಸಿದರೂ ಅದು ಗೊಣಗುವುದಿಲ್ಲ.

ಇಷ್ಟೆಲ್ಲ ರೂಢಿಗಳ ವಿವರ ಎಲ್ಲಿಂದ ಬರುತ್ತದೆ? ಯುನಿಕೋಡ್ ಒಕ್ಕೂಟ ನಡೆಸುವ ಸಿಎಲ್‌ಡಿಆರ್ ಎಂಬ ಮಾಹಿತಿ ಭಂಡಾರವೊಂದಿದೆ. ಪ್ರತಿ ಭಾಷೆಯಲ್ಲಿ ತಿಂಗಳುಗಳ ಹೆಸರು, ವಾರಗಳ ಹೆಸರು, ಅಲ್ಪವಿರಾಮದ ಜಾಗ ಎಲ್ಲವೂ ಅಲ್ಲಿ ದಾಖಲಾಗಿವೆ. ನಮ್ಮ ಕೈಯಲ್ಲಿರುವ ಬಹುತೇಕ ಮೊಬೈಲುಗಳು ಅದನ್ನೇ ಓದಿ ನಡೆಯುತ್ತವೆ. ಅಂಕಿಗಳ ವಿಷಯದಲ್ಲಿ ಅದರ ತೀರ್ಮಾನ ಗಮನಿಸಬೇಕಾದದ್ದು. ಕನ್ನಡ, ಹಿಂದಿ, ತಮಿಳುಗಳಿಗೆ ಮೊದಲ ಆಯ್ಕೆ 1, 2, 3 ಎಂಬ ಅಂತರರಾಷ್ಟ್ರೀಯ ಅಂಕಿಗಳು. ಮರಾಠಿಗೆ ದೇವನಾಗರಿ ಅಂಕಿ, ಬಂಗಾಳಿಗೆ ಬಂಗಾಳಿ ಅಂಕಿ. ಕನ್ನಡ ಅಂಕಿಗಳೂ ಭಂಡಾರದಲ್ಲಿವೆ. ಬೇಕೆಂದವರು ಲೊಕೇಲ್ ಗುರುತಿನ ಕೊನೆಗೆ ಒಂದು ಸಣ್ಣ ಬಾಲ ಸೇರಿಸಿ ೧, ೨, ೩ ಪಡೆಯಬಹುದು. ಅಂದರೆ ಕನ್ನಡ ಅಕ್ಷರದ ಜೊತೆ ಯಾವ ಅಂಕಿ ಎಂಬುದೂ ಒಂದು ಪ್ರತ್ಯೇಕ ಆಯ್ಕೆ. ಯಂತ್ರ ಮಾಡಿದವರು ಇದಕ್ಕೆ ಜಾಗ ಇಟ್ಟಿದ್ದಾರೆ. ಆ್ಯಪ್ ಮಾಡುವವರು ಆ ಆಯ್ಕೆಯನ್ನು ಬಳಕೆದಾರನ ಕೈಗೆ ತಲುಪಿಸುತ್ತಿಲ್ಲ.

ಇದನ್ನು ಸರಿಯಾಗಿ ಮಾಡಿದವರೂ ಇದ್ದಾರೆ. ಲಿಬ್ರೆಆಫೀಸ್‌ನಲ್ಲಿ ಪರದೆಯ ಭಾಷೆಗೆ ಒಂದು ಪಟ್ಟಿ, ಲೊಕೇಲಿಗೆ ಇನ್ನೊಂದು ಪಟ್ಟಿ. ಗೂಗಲ್ ಶೀಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ; ಅಲ್ಲಿ ಲೊಕೇಲ್ ಆಯಾ ಹಾಳೆಗೆ ಅಂಟಿಕೊಂಡಿರುತ್ತದೆ. ಹಾಸನದಲ್ಲಿ ಮಾಡಿದ ಹಾಳೆಯನ್ನು ಬಾಸ್ಟನ್ನಿನಲ್ಲಿ ತೆರೆದರೂ ಫೆಬ್ರುವರಿ 7 ಫೆಬ್ರುವರಿ 7ಆಗಿಯೇ ಉಳಿಯುತ್ತದೆ. ಆಂಡ್ರಾಯ್ಡ್ 14ರಿಂದ ಭಾಷೆ ಯಾವುದೇ ಇದ್ದರೂ ತಾಪಮಾನದ ಅಳತೆ, ವಾರದ ಮೊದಲ ದಿನಗಳನ್ನು ಬೇರೆಯಾಗಿ ಆರಿಸಬಹುದು. ಅದಕ್ಕೂ ಹಿಂದಿನ ಆಂಡ್ರಾಯ್ಡ್ 13ರಲ್ಲೇ ಒಂದೊಂದು ಆ್ಯಪ್‌ಗೆ ಒಂದೊಂದು ಭಾಷೆ ಇಡುವ ಅನುಕೂಲ ಬಂದಿತ್ತು.

ಸಂವಿಧಾನ ಕಂಡುಕೊಂಡ ದಾರಿ

ಭಾಷೆಯನ್ನೂ ರೂಢಿಯನ್ನೂ ಬೇರ್ಪಡಿಸುವುದು ಎಂಜಿನಿಯರುಗಳ ಕಲ್ಪನೆಯಷ್ಟೇ ಅಲ್ಲ. ನಮ್ಮ ಸಂವಿಧಾನದ 343ನೇ ವಿಧಿಯ ಮೊದಲ ಖಂಡವೇ ಅದಕ್ಕೆ ಸಾಕ್ಷಿ. ಒಕ್ಕೂಟದ ಅಧಿಕೃತ ಭಾಷೆ ದೇವನಾಗರಿ ಲಿಪಿಯ ಹಿಂದಿ ಎಂದು ಅಲ್ಲಿ ಒಂದು ವಾಕ್ಯ. ಅಧಿಕೃತ ಕೆಲಸಕ್ಕೆ ಬಳಸುವ ಅಂಕಿಗಳು ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ ಎಂದು ಅದರ ಬೆನ್ನಿಗೇ ಇನ್ನೊಂದು ವಾಕ್ಯ. ದೇವನಾಗರಿ ಲಿಪಿ ಒಪ್ಪಿದ ಮೇಲೆ ದೇವನಾಗರಿ ಅಂಕಿಯೂ ಬರಲೇಬೇಕು ಎಂದು ಹಟ ಹಿಡಿದವರು ಸಂವಿಧಾನ ಸಭೆಯಲ್ಲಿ ಇದ್ದರು. 1949ರ ಸೆಪ್ಟೆಂಬರಿನಲ್ಲಿ ಅಂಕಿಗಳ ಮೇಲೆ ನಡೆದ ಚರ್ಚೆ ಬಿಸಿಯಾಗಿಯೇ ಇತ್ತು. ದಕ್ಷಿಣದ ಸದಸ್ಯರು ಬಿಟ್ಟುಕೊಡಲಿಲ್ಲ. ಕೊನೆಗೆ ಭಾಷೆಗೊಂದು ತೀರ್ಮಾನ, ಅಂಕಿಗೊಂದು ತೀರ್ಮಾನ ಎಂದು ಬಿಡಿಸಿಟ್ಟಾಗಲೇ ಒಪ್ಪಂದ ಸಾಧ್ಯವಾಯಿತು.

ಕಾಲಗಣನೆಯಲ್ಲೂ ಹಾಗೆಯೇ ಆಯಿತು. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ, ಅಂದರೆ ಶಕ 1879ರ ಚೈತ್ರ 1ರಿಂದ, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಇಂದಿಗೂ ಭಾರತದ ರಾಜಪತ್ರ ಶಕ, ಕ್ರಿಸ್ತಶಕ ಎರಡೂ ತೇದಿಗಳನ್ನು ಹೊತ್ತು ಬರುತ್ತದೆ. ಒಂದು ಭಾಷೆಯವರ ಪಂಚಾಂಗವನ್ನು ಇನ್ನೊಬ್ಬರ ಮೇಲೆ ಹೇರುವ ಪ್ರಮೇಯ ಬರಲಿಲ್ಲ. ಇಷ್ಟು ಭಾಷೆಗಳ ದೇಶ ಒಂದಾಗಿ ವ್ಯವಹರಿಸಲು ಇಂಥ ಬಿಡಿಸಿಡುವಿಕೆ ಅಗತ್ಯವೆಂದು ಹಿರಿಯರು ಕಂಡುಕೊಂಡಿದ್ದರು.

ಕನ್ನಡ ಸೋಲುವುದು ಇಲ್ಲಿ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮೊಬೈಲಿನಲ್ಲಿ ಕನ್ನಡ ಸಿಗುತ್ತದೆ ಎಂಬುದು ಗೊತ್ತಿದ್ದೂ ಎಷ್ಟೋ ಜನ ಅದನ್ನು ಮುಟ್ಟುವುದಿಲ್ಲ. ಅನುವಾದ ಬಿಗಿಯಾಗಿದೆ, ಪದಗಳು ಹೊಸವು ಎಂಬುದು ಒಂದು ಕಾರಣ. ಅಷ್ಟೇ ದೊಡ್ಡ ಇನ್ನೊಂದು ಕಾರಣ ಹೆದರಿಕೆ. ಕನ್ನಡಕ್ಕೆ ಹಾಕಿದರೆ ಲೆಕ್ಕದ ಆ್ಯಪ್ ಏನಾಗುತ್ತದೋ, ಬ್ಯಾಂಕಿನ ತೇದಿ ಹೇಗೆ ಕಾಣುತ್ತದೋ, ಅಂಕಿ ಬದಲಾಗಿ ಬಿಲ್ ತಪ್ಪಾದರೆ ಯಾರು ಹೊಣೆ? ಅಂಗಡಿ ನಡೆಸುವವರು, ಗುಮಾಸ್ತರು, ಲೆಕ್ಕ ಬರೆಯುವವರು ಹೀಗೆ ಯೋಚಿಸಿದರೆ ಅದು ಅಭಿಮಾನದ ಕೊರತೆಯಲ್ಲ. ಅವರ ಅನ್ನ ಇರುವುದು ಆ ಅಂಕಿಗಳಲ್ಲಿ. ಭಾಷೆ ಬದಲಿಸಿದರೆ ಲೆಕ್ಕ ಬದಲಾಗುವುದಿಲ್ಲ ಎಂಬ ಭರವಸೆ ಇಲ್ಲದ ಕಡೆ ಜನ ಭಾಷೆಯನ್ನೇ ಬಿಟ್ಟುಕೊಡುತ್ತಾರೆ, ಲೆಕ್ಕವನ್ನಲ್ಲ.

ಇಂಗ್ಲಿಷಿನಲ್ಲಿ ನಡೆಯುವ ಕಚೇರಿಗೂ ಇದೇ ಮಾತು ಅನ್ವಯಿಸುತ್ತದೆ. ಪರದೆ ಇಂಗ್ಲಿಷಿನಲ್ಲಿದ್ದ ಮಾತ್ರಕ್ಕೆ ಲಕ್ಷ, ಕೋಟಿ, ರೂಪಾಯಿ, ಎ4 ಕಾಗದಗಳನ್ನು ಬಿಟ್ಟುಕೊಡಬೇಕಿಲ್ಲ. ಭಾರತದ ಇಂಗ್ಲಿಷ್ ಎಂಬ ಆಯ್ಕೆ ಇದ್ದೇ ಇದೆ. ಯಾವ ಭಾಷೆಯನ್ನು ಆರಿಸಿದರೂ ಊರಿನ ಲೆಕ್ಕ ಕೆಡಬಾರದು. ಯಾವ ಊರಿಗೆ ಹೋದರೂ ಕನ್ನಡ ಕೈತಪ್ಪಬಾರದು. ಈ ಎರಡು ಭರವಸೆ ಸಿಕ್ಕಿದ ದಿನ ಕನ್ನಡದ ಪರದೆಯನ್ನು ಆರಿಸಲು ಧೈರ್ಯ ಬೇಕಾಗುವುದಿಲ್ಲ.

ಮಾಡಬೇಕಾದ್ದು

ತಂತ್ರಾಂಶ ಕಟ್ಟುವವರಲ್ಲಿ ಎಷ್ಟೋ ಮಂದಿ ನಮ್ಮವರೇ. ಹಾಸನದ ಕಾಲೇಜುಗಳಲ್ಲಿ ಓದಿ ಬೆಂಗಳೂರಿನಲ್ಲಿ ಕೋಡ್ ಬರೆಯುವ ಹುಡುಗ ಹುಡುಗಿಯರಿಗೆ ಹೇಳುವುದು ಇಷ್ಟು. ದಿನಾಂಕವನ್ನು ಒಳಗೆ 2018-02-07 ಎಂಬ ಐಎಸ್‌ಒ 8601 ಕ್ರಮದಲ್ಲಿ ಇಡಿ. ವರ್ಷ, ತಿಂಗಳು, ದಿನ ಎಂಬ ಈ ಕ್ರಮದಲ್ಲಿ ಗೊಂದಲವಿಲ್ಲ. ತೋರಿಸುವಾಗ ಮಾತ್ರ ಬಳಕೆದಾರನ ರೂಢಿಗೆ ತಿರುಗಿಸಿ. ಭಾಷೆಯನ್ನು ನೋಡಿ ದೇಶವನ್ನು ಊಹಿಸಬೇಡಿ, ದೇಶವನ್ನು ನೋಡಿ ಭಾಷೆಯನ್ನು ಊಹಿಸಬೇಡಿ. ಫೋನಿನಲ್ಲಿ ಬಳಕೆದಾರ ಆಗಲೇ ಹೇಳಿಟ್ಟಿರುವುದನ್ನು ಕೇಳಿಸಿಕೊಳ್ಳಿ. ಯಾವ ಅಂಕಿ ಬೇಕು ಎಂಬುದನ್ನೂ ಅವನಿಗೇ ಬಿಡಿ.

ಸರ್ಕಾರದ ಕೆಲಸ ಇದಕ್ಕಿಂತ ಸುಲಭ. ಇ-ಆಡಳಿತ ಇಲಾಖೆ ಹೊಸ ತಂತ್ರಾಂಶಕ್ಕೆ ಟೆಂಡರ್ ಕರೆಯುವಾಗ 'ಕನ್ನಡದಲ್ಲಿರಬೇಕು' ಎಂಬ ಒಂದು ಸಾಲಿನ ಜೊತೆಗೆ ಇನ್ನೊಂದು ಸಾಲು ಸೇರಿಸಲಿ: ಪರದೆಯ ಭಾಷೆ, ದಿನಾಂಕ ಮತ್ತು ಸಂಖ್ಯೆಯ ರೂಢಿ, ಅಂಕಿಗಳ ರೂಪ ಇವು ಮೂರೂ ಪ್ರತ್ಯೇಕ ಆಯ್ಕೆಗಳಾಗಿರಬೇಕು. ಇಲಾಖೆಗಳಿಗೆ ಕೊಳ್ಳುವ ಕಂಪ್ಯೂಟರುಗಳು ಭಾರತದ ರೂಢಿಗೆ ಹೊಂದಿಸಿಯೇ ಬರಬೇಕು ಎಂಬ ಷರತ್ತಿಗೆ ಖರ್ಚು ಏನೂ ಇಲ್ಲ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕಚೇರಿಗಳಲ್ಲಿ ನಾಮಫಲಕ ಪರಿಶೀಲಿಸುವಷ್ಟೇ ಶ್ರದ್ಧೆಯಿಂದ ಈ ಸೆಟ್ಟಿಂಗುಗಳನ್ನೂ ಪರಿಶೀಲಿಸಲಿ. ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನ ಮಹಾಮಸ್ತಕಾಭಿಷೇಕ 2030ರ ಸುಮಾರಿಗೆ ಬರುತ್ತದೆ. ನಾಲ್ಕಾರು ಭಾಷೆಗಳ ಯಾತ್ರಿಕರು ವಸತಿ ಕಾಯ್ದಿರಿಸುವ ಜಾಲತಾಣವನ್ನು ಆಗ ಹೇಗೂ ಕಟ್ಟಲೇಬೇಕು. ಅದು ಈ ನಿಯಮಕ್ಕೆ ಮೊದಲ ಮಾದರಿಯಾಗಲಿ.

ಓದುಗರು ಇವತ್ತೇ ಮಾಡಬಹುದಾದ ಕೆಲಸವೂ ಇದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದು, ಟೈಮ್ ಅಂಡ್ ಲ್ಯಾಂಗ್ವೇಜ್ ಒಳಗೆ ಲ್ಯಾಂಗ್ವೇಜ್ ಅಂಡ್ ರೀಜನ್‌ಗೆ ಹೋಗಿ. ಅಲ್ಲಿ ರೀಜನಲ್ ಫಾರ್ಮ್ಯಾಟ್ ಎಂಬ ಕಡೆ ಯುನೈಟೆಡ್ ಸ್ಟೇಟ್ಸ್ ಎಂದಿದ್ದರೆ ಭಾರತಕ್ಕೆ ಬದಲಿಸಿ. ಹಳೆಯ ಹಾಳೆಗಳಲ್ಲಿ ದಿನಾಂಕ ಕೆಟ್ಟಿದೆಯೇ ಎಂದು ತಿಳಿಯಲು ಕಾಲಂ ನೋಡಿ: ಕೆಲವು ಎಡಕ್ಕೆ, ಕೆಲವು ಬಲಕ್ಕೆ ವಾಲಿದ್ದರೆ ಅಲ್ಲಿ ಎರಡು ರೂಢಿ ಬೆರೆತಿವೆ. ಬೇರೆಯವರಿಗೆ ಕಳಿಸುವ ಪಟ್ಟಿಯಲ್ಲಿ ತಿಂಗಳನ್ನು ಅಂಕಿಯ ಬದಲು ಹೆಸರಿನಲ್ಲಿ ಬರೆಯಿರಿ. ಆಮೇಲೆ ಮೊಬೈಲಿನಲ್ಲಿ ಪರದೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಒಂದು ವಾರ ಬಳಸಿ ನೋಡಿ. ಯಾವುದಾದರೂ ಆ್ಯಪ್ ಭಾಷೆಯ ಜೊತೆಗೆ ನಿಮ್ಮ ಲೆಕ್ಕವನ್ನೂ ಕದಲಿಸಿದರೆ ಕನ್ನಡವನ್ನು ಬಿಡಬೇಡಿ. ತಪ್ಪು ಎಲ್ಲಿ ಆಯಿತೆಂದು ಆ ಆ್ಯಪ್ ಮಾಡಿದವರಿಗೆ ಎರಡು ಸಾಲು ಬರೆದು ಕಳಿಸಿ. ತಿದ್ದಿಕೊಳ್ಳಬೇಕಾದವರು ಅವರು.